ಕೊಂಡವರಾರು, ಮಾರಿದವರಾರು?

ಹೋದ ತಿಂಗಳು ನಮ್ಮ ವಿದ್ಯಾರ್ಥಿನಿಲಯದ ಗೆಳೆಯನೊಬ್ಬನು ತನ್ನ ವಿದ್ಯಾರ್ಥಿವೇತನದ ಹಣವನ್ನೆಲ್ಲ ಸೌರವಿದ್ಯುತ್ತಿನ ಒಂದು ಸಣ್ಣ ಕಂಪೆನಿಯ ಷೇರಿಗೆ ಹಾಕಿದನು. ಕಾರಣ ಕೇಳಿದರೆ, "ಬಲ್ಕ್ ಡೀಲ್ ಆಗಿದೆ ಕಣೋ, ದೊಡ್ಡವರು ಕೈಹಾಕಿದ್ದಾರೆ" ಎಂದನು.

ಈ 'ದೊಡ್ಡವರು' ಎಂಬ ಮಾತಿನಲ್ಲಿಯೇ ನನಗೆ ಸಂಶಯ. ಸೆಬಿ 2004ರಲ್ಲಿ ಮಾಡಿದ ನಿಯಮದಂತೆ, ಕಂಪೆನಿಯೊಂದರ ಒಟ್ಟು ಷೇರುಗಳಲ್ಲಿ ನೂರಕ್ಕೆ ಅರ್ಧಕ್ಕಿಂತ ಹೆಚ್ಚು ಪಾಲನ್ನು ಒಬ್ಬರು ಒಂದೇ ದಿನ ಕೊಂಡರೆ ಅಥವಾ ಮಾರಿದರೆ ಅದು ಬಲ್ಕ್ ಡೀಲ್. ಅವರ ಹೆಸರನ್ನು ಷೇರುಪೇಟೆಯು ಪ್ರಕಟಿಸುತ್ತದೆ. 2 ಕೋಟಿ ಷೇರುಗಳ ಕಂಪೆನಿಯಲ್ಲಿ ಆ ಪಾಲೆಂದರೆ 1 ಲಕ್ಷ ಷೇರು. ಷೇರಿಗೆ 30 ರೂಪಾಯಿಯಾದರೆ 30 ಲಕ್ಷ. ನಮ್ಮೂರಿನ ಒಂದು ನಿವೇಶನದ ಬೆಲೆ! ಇದಕ್ಕೆ ಆನೆ ಬಂತೆಂದು ಓಡಬೇಕೆ? (ಬ್ಲಾಕ್ ಡೀಲ್ ಬೇರೆ, 2025ರ ಡಿಸೆಂಬರಿನಿಂದ ಅದರ ಕನಿಷ್ಠ ಮೊತ್ತವೇ 25 ಕೋಟಿ.)

ಇಬ್ಬರೂ ಕುಳಿತು ಆ ದಿನದ ಪಟ್ಟಿಯನ್ನು ನೋಡಿದೆವು. ಕೊಂಡವರ ಸಾಲಿನಲ್ಲಿದ್ದ ಹೆಸರೇ ಮಾರಿದವರ ಸಾಲಿನಲ್ಲಿಯೂ ಇತ್ತು. ಷೇರುಗಳೂ ಹೆಚ್ಚು ಕಡಿಮೆ ಅಷ್ಟೇ. ಸಂಜೆಗೆ ಅವರ ಕೈ ಬರಿದು, ನನ್ನ ಗೆಳೆಯನ ಕೈಯಲ್ಲಿ ಮಾತ್ರ ಷೇರು.

ಇನ್ನೊಂದು ಮಾತು. ಹೀಗೆ ಕೈಬದಲಾದ ಹಣದಲ್ಲಿ ಒಂದು ರೂಪಾಯಿಯೂ ಕಂಪೆನಿಗೆ ಸೇರುವುದಿಲ್ಲ. ಅದರಿಂದ ಒಂದು ಸೌರಫಲಕವೂ ಹೆಚ್ಚಾಗದು. ಮಾರಿದವರು ಕಂಪೆನಿಯನ್ನು ಕಟ್ಟಿದವರೇ ಆಗಿದ್ದರೆ ಆಗ ಯೋಚಿಸಬೇಕು. ಅವರ ಪಾಲು ಎಷ್ಟಕ್ಕಿಳಿದಿದೆ ಎಂಬುದು ಮೂರು ತಿಂಗಳಿಗೊಮ್ಮೆ ಬರುವ ಷೇರುದಾರರ ವಿವರದಲ್ಲಿ ತಿಳಿಯುತ್ತದೆ. ಅದಕ್ಕಾಗಿ ಕಾಯೋಣವೆಂದು ಗೆಳೆಯನಿಗೆ ಹೇಳಿದ್ದೇನೆ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಅದಕ್ಕಿಂತ ಮೊದಲೇ ಬರುತ್ತದೆ.