ಮೂರನೇ ನಂಬರಿನ ಆಲದ ಮರ

ನಮ್ಮೂರ ರಸ್ತೆ ಅಗಲ ಮಾಡಲು ಐದು ಆಲದ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ರಸ್ತೆ ಬೇಡ ಎನ್ನುವವನು ನಾನಲ್ಲ. ಮಳೆಗಾಲದಲ್ಲಿ ಕೆಸರಿಗೆ ಹೂತ ಬಸ್ಸನ್ನು ತಳ್ಳಿದವರಲ್ಲಿ ನಾನೂ ಒಬ್ಬ. ಆದರೆ ಮೂರನೇ ನಂಬರಿನ ಮರ ಈಗ ಹಣ್ಣು ಬಿಟ್ಟಿದೆ. ಬೆಳಿಗ್ಗೆ ಏಳರೊಳಗೆ ಹೋಗಿ ಅದರ ಕೆಳಗೆ ಐದು ನಿಮಿಷ ಸುಮ್ಮನೆ ನಿಂತು ನೋಡಿ.

ಮೊದಲು ಏನೂ ಕಾಣುವುದಿಲ್ಲ. ಹಣ್ಣು ಟಪಟಪ ಉದುರುತ್ತಿರುತ್ತದೆ, ಸಿಳ್ಳೆಯಂಥ ಮೆಲುದನಿ ಕೇಳುತ್ತದೆ. ಆಮೇಲೆ ಎಲೆ ಎಂದುಕೊಂಡದ್ದು ಕತ್ತು ತಿರುಗಿಸುತ್ತದೆ. ಅದೇ ಹಸಿರು ಪಾರಿವಾಳ. ಊರ ಪಾರಿವಾಳದ ಕಾಲು ಕೆಂಪು, ಇದರದ್ದು ಅರಿಶಿನ ಹಚ್ಚಿದಂತೆ ಹಳದಿ. ನೆಲಕ್ಕಿಳಿಯುವುದು ಬಲು ಅಪರೂಪ. ಪಕ್ಕದ ಮಹಾರಾಷ್ಟ್ರ ಇದನ್ನು ರಾಜ್ಯಪಕ್ಷಿ ಮಾಡಿಕೊಂಡಿದೆ. ನಮ್ಮ ಹುಡುಗರಿಗೆ ಇದು ಕವಣೆಯ ಗುರಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇದನ್ನು ಹೊಡೆಯುವುದು ಅಪರಾಧ ಎಂದು ಹೇಳಿದರೆ ನಗುತ್ತಾರೆ.

ಕಾಳು ತಿನ್ನುವ ಹಕ್ಕಿಯಾಗಿದ್ದರೆ ಹೊಲದಲ್ಲಿ ಹೇಗೋ ಬದುಕುತ್ತಿತ್ತು. ಇದಕ್ಕೆ ಹಣ್ಣೇ ಊಟ, ಅದರಲ್ಲೂ ಆಲ, ಅರಳಿ, ಅತ್ತಿ, ಬಸರಿ. ಈ ಮರಗಳೆಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಅಕ್ಕಪಕ್ಕದ ಎರಡು ಆಲದ ಮರಗಳಿಗೂ ಒಂದೇ ಸಮಯ ಇರಬೇಕೆಂದಿಲ್ಲ. ಇಲ್ಲಿ ಮುಗಿದರೆ ಅಲ್ಲಿ, ಅಲ್ಲಿ ಮುಗಿದರೆ ಇನ್ನೊಂದು ಕಡೆ ಎಂದು ಗುಂಪು ತಿರುಗುತ್ತಿರುತ್ತದೆ. ಐದರಲ್ಲಿ ಒಂದನ್ನು ಉಳಿಸುತ್ತೇವೆ ಎನ್ನುವುದು ಒಂದು ತಿಂಗಳ ರೇಷನ್ ಕೊಟ್ಟು ವರ್ಷ ಕಳೆಯಿರಿ ಎಂದ ಹಾಗೆ.

ಹಕ್ಕಿ ಬೀಜ ಬಿತ್ತುತ್ತದೆ, ಅದಕ್ಕೇ ಉಳಿಸಿ ಎಂಬ ಮಾತು ಇಲ್ಲಿ ಅಷ್ಟಾಗಿ ಒಪ್ಪದು. ಆಲದ ಬೀಜ ಬಿತ್ತುವುದರಲ್ಲಿ ಕುಟುರ, ಪಿಕಳಾರ, ಬಾವಲಿಗಳು ಮುಂದು. ಹಸಿರು ಪಾರಿವಾಳ ಹೆಚ್ಚಿನ ಬೀಜಗಳನ್ನು ಹೊಟ್ಟೆಯಲ್ಲೇ ಅರೆದುಬಿಡುತ್ತದೆ. ನಮಗೆ ಉಪಕಾರ ಮಾಡಿದರೆ ಮಾತ್ರ ಬದುಕಬೇಕು ಎಂಬ ಲೆಕ್ಕ ನನಗೆ ಮೊದಲಿಂದಲೂ ಹಿಡಿಸಿಲ್ಲ.

ಬದಲಿಗೆ ಸಸಿ ನೆಡುತ್ತೇವೆ ಎಂದರು. ಯಾವ ಸಸಿ ಸ್ವಾಮಿ ಎಂದರೆ ಗುಲ್‌ಮೊಹರ್ ಅಂತೆ! ಅದರಲ್ಲಿ ಪಾರಿವಾಳ ಏನು ತಿನ್ನಬೇಕು? ಆಲಕ್ಕೆ ನರ್ಸರಿಯೂ ಬೇಕಿಲ್ಲ. ತೋಳು ಗಾತ್ರದ, ಆಳೆತ್ತರದ ಕೊಂಬೆಯನ್ನು ಮುಂಗಾರಿನ ಹೊತ್ತಿಗೆ ನೆಟ್ಟು, ದನ ಮುಟ್ಟದಂತೆ ಮುಳ್ಳು ಕಟ್ಟಿದರೆ ಚಿಗುರುತ್ತದೆ. ನಮ್ಮ ಹಿರಿಯರು ಸಾಲುಮರ ಬೆಳೆಸಿದ್ದು ಹೀಗೆಯೇ.

ಮುಂದಿನ ಗ್ರಾಮಸಭೆಗೆ ಎರಡು ಅರ್ಜಿ ಬರೆದಿಟ್ಟಿದ್ದೇನೆ. ಒಂದು, ಮೂರನೇ ನಂಬರಿನ ಮರ ಬಿಟ್ಟು ರಸ್ತೆಯನ್ನು ಎದುರಿನ ಗೋಮಾಳದ ಕಡೆಗೆ ಸರಿಸಿ ಎಂದು. ಇನ್ನೊಂದು, ಕಡಿಯುವುದೇ ಆದರೆ ಕೊಂಬೆಗಳನ್ನು ಹರಾಜಿಗೆ ಹಾಕುವ ಮೊದಲು ನಮಗೆ ಕೊಡಿ ಎಂದು. ಸಹಿ ಹಾಕುವವರು ಬೆಳಿಗ್ಗೆ ಮರದ ಹತ್ತಿರವೇ ಬನ್ನಿ.