ಹಬ್ಬದ ಕರಿದ ತಿಂಡಿ ಎಣ್ಣೆ ಕುಡಿಯುವುದು ಯಾವಾಗ?

ಗಣೇಶ ಚೌತಿ ಹತ್ತಿರ ಬಂತೆಂದರೆ ಭಟ್ಕಳದಿಂದ ಕುಮಟೆಯವರೆಗೆ ಮನೆಮನೆಗಳಲ್ಲೂ ಬಾಣಲೆ ಒಲೆಗೇರುತ್ತದೆ. ಚಕ್ಕುಲಿ, ಅತ್ರಾಸ, ಕರ್ಜಿಕಾಯಿ ಡಬ್ಬ ತುಂಬುತ್ತವೆ. ಹೊನ್ನಾವರ, ಕುಮಟೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ನೆವ್ರಿ, ಕಿಡ್ಯೊ ಕರಿಯುತ್ತಾರೆ. ರಂಜಾನ್ ಸಂಜೆಗೆ ಭಟ್ಕಳದಲ್ಲಿ ಬಿಸಿ ಸಮೋಸಾ ಇರಲೇಬೇಕು. ದೂರದ ಪೋಲೆಂಡಿನಲ್ಲೂ ಇಂಥದ್ದೇ ಒಂದು ಕಾಲವಿದೆ. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಮೊದಲು, ಕಾರ್ನಿವಲ್ ದಿನಗಳಲ್ಲಿ, ಮನೆಯಲ್ಲಿದ್ದ ಕೊಬ್ಬು ಮತ್ತು ಮೊಟ್ಟೆಯನ್ನು ಮುಗಿಸಲೆಂದು ಫವೋರ್ಕಿ ಎಂಬ ತೆಳ್ಳನೆಯ ಗರಿಗರಿ ತಿಂಡಿ ಕರಿಯುತ್ತಾರೆ. ಹಿಟ್ಟಿಗೆ ಒಂದು ಚಮಚ ಮದ್ಯಸಾರವನ್ನೋ ವಿನೆಗರನ್ನೋ ಸೇರಿಸಿದರೆ ತಿಂಡಿ ಎಣ್ಣೆ ಕುಡಿಯುವುದಿಲ್ಲ ಎಂಬುದು ಅಲ್ಲಿಯವರ ನಂಬಿಕೆ. ನಮ್ಮಲ್ಲಿ ಎಣ್ಣೆ ನೊರೆಯೆದ್ದರೆ ಚೂರು ಹುಣಸೆಹಣ್ಣು ಹಾಕುತ್ತಾರೆ. ಊರು ಬೇರೆಯಾದರೂ ಚಿಂತೆ ಒಂದೇ.

ಹಾಗಾದರೆ ತಿಂಡಿಯೊಳಗೆ ಎಣ್ಣೆ ಹೋಗುವುದು ಯಾವಾಗ? ಬಾಣಲೆಯಲ್ಲಿ ಬೇಯುವಾಗ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಪೂರ್ತಿ ಸರಿಯಲ್ಲ. ಕಾದ ಎಣ್ಣೆಗೆ ಹಿಟ್ಟು ಬಿಟ್ಟೊಡನೆ ಏಳುವ ಗುಳ್ಳೆಗಳು ಹಿಟ್ಟಿನಲ್ಲಿದ್ದ ನೀರು ಆವಿಯಾಗಿ ಹೊರಬರುತ್ತಿರುವುದರ ಗುರುತು. ಆ ಆವಿ ಒಳಗಿನಿಂದ ಹೊರಕ್ಕೆ ನೂಕುತ್ತಿರುವವರೆಗೂ ಎಣ್ಣೆಗೆ ಒಳನುಗ್ಗಲು ಸುಲಭವಲ್ಲ. ತಿಂಡಿಯನ್ನು ಮೇಲೆತ್ತಿದ ಮೇಲೆ ಅದು ತಣಿಯುತ್ತದೆ, ಒಳಗಿನ ಆವಿ ಮತ್ತೆ ನೀರಾಗುತ್ತದೆ, ಒತ್ತಡ ಕುಸಿಯುತ್ತದೆ. ಆಗ ಮೈಮೇಲೆ ಅಂಟಿದ್ದ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಒಳಕ್ಕೆ ಎಳೆಯಲ್ಪಡುತ್ತದೆ. ತಿಂಡಿ ಹೀರುವ ಎಣ್ಣೆಯ ದೊಡ್ಡ ಪಾಲು ಹೀಗೆ ಹೊರಗೆ ತೆಗೆದ ಮೇಲೆ ಸೇರುವಂಥದ್ದು ಎಂದು ಆಹಾರ ವಿಜ್ಞಾನದ ಅಧ್ಯಯನಗಳು ತೋರಿಸಿವೆ.

ಆದ್ದರಿಂದ ಬಿಸಿಯಿರುವಾಗಲೇ ಸೌಟನ್ನು ಬಾಣಲೆಯ ಮೇಲೆ ಹಿಡಿದು ಕೊಡವುವುದು ಲಾಭದ ಕೆಲಸ. ಅತ್ರಾಸವನ್ನು ತೆಗೆದ ಕೂಡಲೇ ಎರಡು ಸೌಟುಗಳ ನಡುವೆ ಒತ್ತುವ ಹಳೆಯ ಪದ್ಧತಿಯೂ ಇದೇ ಕಾರಣಕ್ಕೆ ಫಲ ಕೊಡುತ್ತದೆ. ಐದು ನಿಮಿಷ ಬಿಟ್ಟು ಒತ್ತಿದರೆ ಅಷ್ಟು ಪ್ರಯೋಜನವಿಲ್ಲ. ಹಾಗೆಂದು ವೃತ್ತಪತ್ರಿಕೆಯ ಮೇಲೆ ಹರಡಬೇಡಿ. ಶಾಯಿಯಲ್ಲಿರುವ ರಾಸಾಯನಿಕಗಳು ಬಿಸಿ ಎಣ್ಣೆಗೆ ಸುಲಭವಾಗಿ ಇಳಿಯುತ್ತವೆ. ಆಹಾರ ಕಟ್ಟಲು ಪತ್ರಿಕೆ ಬಳಸುವುದನ್ನು ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮವೇ ನಿಷೇಧಿಸಿದೆ.

ಎಣ್ಣೆಯ ಬಿಸಿಯೂ ಮುಖ್ಯ. ಸಾಮಾನ್ಯವಾಗಿ 160ರಿಂದ 180 ಡಿಗ್ರಿ ಸೆಲ್ಸಿಯಸ್ ಸಾಕು. ಕಾಯದ ಎಣ್ಣೆಗೆ ಬಿಟ್ಟರೆ ಹೊರಪದರ ಗಟ್ಟಿಯಾಗಲು ಹೊತ್ತು ಹಿಡಿಯುತ್ತದೆ, ತಿಂಡಿ ಜಿಡ್ಡಾಗುತ್ತದೆ. ಅತ್ರಾಸದ ಕಷ್ಟ ಬೇರೆ. ಬೆಲ್ಲವಿರುವುದರಿಂದ ಉರಿ ಜೋರಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ ನಿಧಾನ ಕರಿಯಲೇಬೇಕು, ಹಾಗಾಗಿ ಅದು ಸ್ವಲ್ಪ ಎಣ್ಣೆ ಹಿಡಿಯುವುದೂ ಸಹಜವೇ. ಅತ್ರಾಸ ಎಣ್ಣೆಯಲ್ಲಿ ಒಡೆದು ಚದುರಿದರೆ ದೃಷ್ಟಿ ತಾಗಿತು ಎನ್ನುವವರಿದ್ದಾರೆ. ದೃಷ್ಟಿಗಿಂತ ಮೊದಲು ಪಾಕವನ್ನು ಅನುಮಾನಿಸಬೇಕು. ನೀರಿನ ತಟ್ಟೆಗೆ ಬಿಟ್ಟ ಪಾಕ ಮೆತ್ತನೆಯ ಉಂಡೆಯಾಗದೆ ಕರಗಿಹೋದರೆ ಅದರಲ್ಲಿ ನೀರು ಹೆಚ್ಚಿದೆ ಎಂದರ್ಥ. ಅಂಥ ಹಿಟ್ಟಿಗೆ ಎಣ್ಣೆಯಲ್ಲಿ ಹಿಡಿದು ನಿಲ್ಲುವ ಶಕ್ತಿಯಿರುವುದಿಲ್ಲ.

ತೆಂಗಿನೆಣ್ಣೆಯ ಬಗ್ಗೆ ಕರಾವಳಿಯಲ್ಲಿ ಎರಡು ಅತಿರೇಕಗಳಿವೆ: ಅಮೃತ ಎನ್ನುವವರು, ವಿಷ ಎನ್ನುವವರು. ಅದರಲ್ಲಿ ಸುಮಾರು 90 ಶೇಕಡಾ ಸ್ಯಾಚುರೇಟೆಡ್ ಕೊಬ್ಬು. ಈ ಕಾರಣಕ್ಕೆ ಬಿಸಿಯಲ್ಲಿ ಅದು ಬೇಗ ಆಕ್ಸಿಡೀಕರಣಗೊಳ್ಳುವುದಿಲ್ಲ. ಇದೇ ಕಾರಣಕ್ಕೆ ಅದು ರಕ್ತದ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಏರಿಸುತ್ತದೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಇಂಥ ಕೊಬ್ಬಿನ ಪಾಲು 10 ಶೇಕಡಾ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕರಿಯಲು ಒಳ್ಳೆಯದು, ದಿನವೂ ತಿನ್ನಲು ಅಲ್ಲ, ಎರಡೂ ನಿಜ. ಇನ್ನೊಂದು ಮಾತು: ತೆಂಗಿನೆಣ್ಣೆಗೆ ಬೇರೆ ಎಣ್ಣೆ ಬೆರೆಸಿ ಕರಿದರೆ ವಿಪರೀತ ನೊರೆ ಬರುತ್ತದೆ. ಹುಣಸೆಹಣ್ಣು ಹುಡುಕುವ ಮೊದಲು ಡಬ್ಬ ನೋಡಿ.

ಆದರೆ ನಮಗೆ ಹೆಚ್ಚು ಕಳವಳ ಹುಟ್ಟಿಸುವುದು ಹಬ್ಬ ಮುಗಿದ ಮೇಲೆ ಬಾಣಲೆಯಲ್ಲಿ ಉಳಿಯುವ ಎಣ್ಣೆ. ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತಾ ಹೋಗುತ್ತವೆ. 2018ರ ಜುಲೈ 1ರಿಂದ ಭಾರತದಲ್ಲಿ ಇವುಗಳ ಮಿತಿ 25 ಶೇಕಡಾ. ಅದಕ್ಕೆ ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಅಂಥ ಎಣ್ಣೆಯನ್ನು ಬಯೋಡೀಸೆಲ್‌ಗಾಗಿ ಸಂಗ್ರಹಿಸುವ ಯೋಜನೆಯೂ ಅದೇ ವರ್ಷ ಶುರುವಾಯಿತು. ಆದರೆ ಲೆಕ್ಕ ಇಡುವ ಕಡ್ಡಾಯ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರಿಗೆ ಮಾತ್ರ. ಬಸ್ ನಿಲ್ದಾಣದ ಪಕ್ಕದ ಸಣ್ಣ ಅಂಗಡಿ ಈ ಲೆಕ್ಕದಿಂದ ಹೊರಗೆ. ನಮ್ಮೂರುಗಳಲ್ಲಿ ಹೆಚ್ಚು ಜನ ತಿನ್ನುವುದು ಅಲ್ಲೇ ಎಂಬುದನ್ನು ನಿಯಮ ಬರೆದವರು ಯೋಚಿಸಿದಂತಿಲ್ಲ.

ಮನೆಯಲ್ಲಿ ಅಳೆಯುವ ಯಂತ್ರವಿಲ್ಲ, ಬಣ್ಣವೊಂದನ್ನೇ ನಂಬುವಂತಿಲ್ಲ. ಬೆಲ್ಲದ ತಿಂಡಿ ಕರಿದರೆ ಒಂದೇ ಸಲಕ್ಕೆ ಎಣ್ಣೆ ಕಪ್ಪಾಗಬಹುದು. ಅಂಟಂಟಾಗುವುದು, ನೊರೆ ಇಳಿಯದಿರುವುದು, ಕಡಿಮೆ ಬಿಸಿಗೇ ಹೊಗೆಯಾಡುವುದು, ಮುಗ್ಗಲು ವಾಸನೆ, ಇವು ಎಸೆಯಬೇಕೆಂಬ ಸೂಚನೆಗಳು. ಎಣ್ಣೆಯನ್ನು ಮರುಬಳಸದಿರುವುದೇ ಲೇಸು, ಬಳಸಿದರೂ ಮೂರು ಸಲ ಮೀರಬಾರದು ಎಂದು ಎಫ್‌ಎಸ್‌ಎಸ್‌ಎಐ ಹೇಳುತ್ತದೆ. ಹಳೆಯದಕ್ಕೆ ಹೊಸ ಎಣ್ಣೆ ಸುರಿದರೆ ಹಳೆಯದು ಸುಧಾರಿಸುವುದಿಲ್ಲ, ಹೊಸದೂ ಬೇಗ ಕೆಡುತ್ತದೆ. ಮಿಕ್ಕಿದ್ದನ್ನು ಸಿಂಕಿಗೆ ಸುರಿಯದೆ, ತಣಿದ ಮೇಲೆ ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಒಣಕಸದ ಜೊತೆ ಕೊಡಿ.