ಹಗುರ ಹಲಗೆಯ ಭಾರ ಯಾರ ಹೆಗಲಿಗೆ?

ತಕ್ಕಡಿಯಲ್ಲಿ ಹಗುರವಾಗಿ ತೂಗುವ ವಸ್ತು ಭೂಮಿಗೂ ಹಗುರವೇ ಎಂಬ ನಂಬಿಕೆ ಮಾರುಕಟ್ಟೆ ಬಿತ್ತಿದ ಭ್ರಮೆಗಳಲ್ಲೊಂದು. ಯುರೋಪಿನ ಆಲ್ಪ್ಸ್ ಪರ್ವತಶ್ರೇಣಿಯಲ್ಲಿ ಚಾರಣಿಗರು ಬಳಸುವ ಹಗುರ ಸ್ಕೀ ಹಲಗೆ ಈ ಭ್ರಮೆಗೆ ಒಳ್ಳೆಯ ನಿದರ್ಶನ. ಬೆಟ್ಟವನ್ನು ಪ್ರೀತಿಸುವವರಿಗಾಗಿಯೇ ತಯಾರಾಗುವ ಈ ಸಾಧನದ ಒಡಲನ್ನು ಬಿಚ್ಚಿ ನೋಡಿದರೆ, ಏರುವವನ ಕಾಲಿನಿಂದ ಇಳಿದ ಭಾರ ಎಲ್ಲಿಯೂ ಮಾಯವಾಗಿಲ್ಲವೆಂಬುದು ತಿಳಿಯುತ್ತದೆ. ಅದು ಕಾರ್ಖಾನೆಗೆ, ಕಾಡಿಗೆ, ಕಸದ ರಾಶಿಗೆ ವರ್ಗವಾಗಿದೆ, ಅಷ್ಟೆ.

ಸ್ಕೀ ಎಂದರೆ ಪಾದಕ್ಕೆ ಬಿಗಿದುಕೊಂಡು ಹಿಮದ ಮೇಲೆ ಜಾರುವ ನೀಳ ಹಲಗೆ. ಪ್ರವಾಸಿ ಕೇಂದ್ರಗಳಲ್ಲಿ ತಂತಿದಾರಿಯ ಕುರ್ಚಿಗಳು ಜನರನ್ನು ಮೇಲಕ್ಕೊಯ್ಯುತ್ತವೆ. ಅವರು ಕೆಳಗೆ ಜಾರಿದರೆ ಸಾಕು. ಚಾರಣಿಗರ ದಾರಿ ಬೇರೆ. ಅವರು ಹಲಗೆಯ ತಳಕ್ಕೆ ಅಂಗೋರಾ ಮೇಕೆಯ ರೋಮದ ಅಥವಾ ನೈಲಾನಿನ ಪಟ್ಟಿಯನ್ನು ಅಂಟಿಸುತ್ತಾರೆ. ಅದರ ಎಳೆಗಳು ಹಿಂದಕ್ಕೆ ಬಾಗಿರುವುದರಿಂದ ಹಲಗೆ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಿಮ್ಮಡಿಯನ್ನು ಸಡಿಲವಾಗಿಟ್ಟುಕೊಂಡು ಸಾವಿರಾರು ಹೆಜ್ಜೆ ನಡೆದು ಮೇಲೇರಿ, ಪಟ್ಟಿ ಕಳಚಿ, ಹಿಮ್ಮಡಿಯನ್ನು ಬಿಗಿದು ಇಳಿಯುತ್ತಾರೆ. ಪ್ರತಿ ಹೆಜ್ಜೆಗೂ ಹಲಗೆಯನ್ನು ಎಳೆಯಬೇಕಾದ್ದರಿಂದ ತೂಕವೇ ಇಲ್ಲಿ ಮುಖ್ಯ. ಪ್ರವಾಸಿ ಕೇಂದ್ರದ ಒಂದು ಹಲಗೆ ಸುಮಾರು 2 ಕಿಲೋ ತೂಗಿದರೆ, ಚಾರಣದ ಹಗುರ ಹಲಗೆ ಒಂದರಿಂದ ಒಂದೂಕಾಲು ಕಿಲೋ ತೂಗುತ್ತದೆ. ಸ್ಪರ್ಧೆಯ ಹಲಗೆಗಳು 700 ಗ್ರಾಮಿನ ಆಸುಪಾಸಿಗೆ ಇಳಿದಿವೆ.

ಇಷ್ಟು ಹಗುರ ಹೇಗೆ ಸಾಧ್ಯವಾಯಿತು? ತತ್ತ್ವ ಸರಳ. ಮನೆಯ ಛಾವಣಿಗೆ ತೊಲೆಯನ್ನು ಮಲಗಿಸಿಡದೆ ಅದರ ಕಿರಿದಾದ ಬದಿಯ ಮೇಲೆ ನಿಲ್ಲಿಸುವ ಬಡಗಿಗೆ ಅದು ಗೊತ್ತಿದೆ. ಒಂದು ಹಲಗೆಯ ದಪ್ಪ ಇಮ್ಮಡಿಯಾದರೆ ಬಾಗದಿರುವ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಬಾಗುವಾಗ ಹೆಚ್ಚಿನ ಎಳೆತವೂ ಒತ್ತಡವೂ ಬೀಳುವುದು ಮೇಲಿನ ಮತ್ತು ಕೆಳಗಿನ ಪದರಗಳ ಮೇಲೆ. ನಡುವಿನ ತಿರುಳಿನ ಮುಖ್ಯ ಕೆಲಸ ಆ ಎರಡನ್ನೂ ದೂರದಲ್ಲಿ ಹಿಡಿದಿಡುವುದು. ಆದ್ದರಿಂದ ಪದರಗಳು ಬಲವಾಗಿದ್ದರೆ ತಿರುಳು ಹಗುರವಾಗಿರಬಹುದು. ಒಂದು ಘನ ಮೀಟರಿಗೆ 650 ಕಿಲೋಗೂ ಮೀರಿ ತೂಗುವ ಆ್ಯಶ್ ಮರದ ಜಾಗಕ್ಕೆ 280 ಕಿಲೋ ಆಸುಪಾಸಿನ ಪೌಲೋನಿಯಾ ಬಂದದ್ದು ಹೀಗೆ. ಕೆಲವರು ಅದಕ್ಕಿಂತಲೂ ಹಗುರವಾದ ಬಾಲ್ಸಾ ಮರವನ್ನು ಸೇರಿಸುತ್ತಾರೆ. ತಿರುಳಿನ ಮೇಲೂ ಕೆಳಗೂ ಗಾಜಿನ ನಾರು ಅಥವಾ ಇಂಗಾಲದ ನಾರು, ತಳಕ್ಕೆ ಪಾಲಿಎಥಿಲಿನ್ ಪ್ಲಾಸ್ಟಿಕ್, ಅಂಚಿಗೆ ಉಕ್ಕಿನ ಪಟ್ಟಿ. ಮೆತುವಾದ ಮರದಲ್ಲಿ ತಿರುಪು ನಿಲ್ಲದಾದ್ದರಿಂದ ಪಾದದ ಕೆಳಗೆ ಗಟ್ಟಿ ಪದರವೊಂದು ಬೇಕು. ಇವೆಲ್ಲವನ್ನೂ ಎಪಾಕ್ಸಿ ಅಂಟಿನಲ್ಲಿ ನೆನೆಸಿ, ಅಚ್ಚಿನಲ್ಲಿಟ್ಟು, ಬಿಸಿಯಲ್ಲಿ ಒತ್ತಿದರೆ ಹಲಗೆ ಸಿದ್ಧ.

ಇದು ಜಾಣ್ಮೆಯ ಕೆಲಸವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಜಾಣ್ಮೆಯ ಬೆಲೆಪಟ್ಟಿಯಲ್ಲಿ ನಮೂದಾಗದ ಬಾಬ್ತುಗಳಿವೆ. ಇಂಗಾಲದ ನಾರಿನ ಬಹುಪಾಲು ಹುಟ್ಟುವುದು ಪೆಟ್ರೋಲಿಯಂ ಮೂಲದ ಎಳೆಯಿಂದ. ಆ ಎಳೆಯನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿಗೆ ಕಾಯಿಸಿ, ಅನಂತರ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1,000 ಡಿಗ್ರಿಗೂ ಮೀರಿ ಸುಡಬೇಕು. ಮೂಲ ಎಳೆಯ ತೂಕದ ಅರ್ಧದಷ್ಟು ಅನಿಲವಾಗಿ ಹೊರಟುಹೋಗುತ್ತದೆ. ಆ ಅನಿಲದಲ್ಲಿ ವಿಷಕಾರಿ ಹೈಡ್ರೋಜನ್ ಸಯನೈಡ್ ಕೂಡ ಇರುವುದರಿಂದ ಅದನ್ನು ಶುದ್ಧೀಕರಿಸದೆ ಬಿಡುವಂತಿಲ್ಲ. ಬೆಟ್ಟ ಏರುವವನು ಉಳಿಸಿದ ಬೆವರಿಗೆ ಬದಲಾಗಿ ಕುಲುಮೆಯೊಂದು ಹಗಲಿರುಳು ಉರಿಯುತ್ತದೆ.

ಎರಡನೆಯ ಬಾಬ್ತು ಅಂಟಿನದು. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗುವುದಿಲ್ಲ. ಮರ, ನಾರು, ಉಕ್ಕು, ಪ್ಲಾಸ್ಟಿಕ್ ಬೇರೆಬೇರೆಯಾಗಿದ್ದರೆ ಒಂದೊಂದಕ್ಕೂ ಒಂದು ಗತಿಯಿರುತ್ತಿತ್ತು; ಅಂಟಿನಲ್ಲಿ ಒಂದಾದ ಮೇಲೆ ಮರವು ಮಣ್ಣಾಗಲಾರದು, ಉಕ್ಕು ಸುಲಭವಾಗಿ ಕುಲುಮೆಗೆ ಮರಳಲಾರದು. ಅಲ್ಟಾಯ್ ಪರ್ವತಗಳ ಬೇಟೆಗಾರರು ಸ್ಪ್ರೂಸ್ ಮರವನ್ನು ಕೆತ್ತಿ, ತಳಕ್ಕೆ ಕುದುರೆಯ ಚರ್ಮ ಹೊದಿಸಿ ಮಾಡುವ ಹಲಗೆ ಮುರಿದರೆ ಕಾಡಿಗೇ ಮರಳುತ್ತದೆ. ಹೊಸ ಹಲಗೆ ಮುರಿದರೆ ಅದಕ್ಕೆ ಹೋಗಲು ಊರಿಲ್ಲ.

ಮೂರನೆಯದು ಬಾಳಿಕೆಯದು. ಗ್ರಾಮುಗಳನ್ನು ಇಳಿಸಲು ಉಕ್ಕಿನ ಅಂಚನ್ನೂ ತಳವನ್ನೂ ತೆಳುಗೊಳಿಸುತ್ತಾರೆ. ಪ್ರತಿ ಸಲ ಹರಿತಗೊಳಿಸುವಾಗ ಅಂಚು ಸವೆಯುತ್ತದೆ. ತೆಳು ಅಂಚು ಕಡಿಮೆ ಸಲ ಸಾಣೆಯನ್ನು ತಾಳುತ್ತದೆ. ಬದಿಯ ಗಟ್ಟಿ ಗೋಡೆಯನ್ನು ಕೈಬಿಟ್ಟು ಮೇಲ್ಹೊದಿಕೆಯನ್ನೇ ಅಂಚಿನವರೆಗೆ ಇಳಿಬಿಡುವ ವಿಧಾನವೂ ತೂಕವನ್ನು ಇಳಿಸುತ್ತದೆ, ಆದರೆ ಬಂಡೆಯ ಪೆಟ್ಟು ಬಿದ್ದಲ್ಲಿ ದುರಸ್ತಿಯನ್ನು ಕಠಿಣಗೊಳಿಸುತ್ತದೆ. ಬೇಗ ಸವೆದದ್ದು ಬೇಗ ಮಾರಾಟವಾಗುತ್ತದೆ. ವ್ಯಾಪಾರಕ್ಕೆ ಇದರಿಂದ ನಷ್ಟವಿಲ್ಲ.

ಮರವಾದರೂ ನಿರ್ದೋಷಿಯೇ? ಬಾಲ್ಸಾ ಮರ ಮಲೆನಾಡಿನವರು ಬಲ್ಲ ಬೂರುಗದ ದಾಯಾದಿ. ಅದರ ಮುಖ್ಯ ನೆಲೆ ಈಕ್ವೆಡಾರ್. ಗಾಳಿವಿದ್ಯುತ್ ಯಂತ್ರಗಳ ರೆಕ್ಕೆಗಳಿಗಾಗಿ 2019–20ರ ಸುಮಾರಿಗೆ ಅದರ ಬೇಡಿಕೆ ಹಠಾತ್ತನೆ ಏರಿದಾಗ, ಅಲ್ಲಿನ ಅಮೆಜಾನ್ ಕಾಡಿನಲ್ಲಿ ವಾವೊರಾನಿ, ಅಚುವಾರ್ ಮೊದಲಾದ ಮೂಲನಿವಾಸಿಗಳ ನೆಲಕ್ಕೂ ಕೊಡಲಿ ನುಗ್ಗಿತು. ಆ ಅನಾಹುತಕ್ಕೆ ಸ್ಕೀ ಕಾರಣವಲ್ಲ. ಅದು ಬಳಸುವ ಬಾಲ್ಸಾ ಅತ್ಯಲ್ಪ. ಆದರೆ ‘ಹಸಿರು’ ಎಂಬ ಹಣೆಪಟ್ಟಿ ಹೊತ್ತ ಬೇಡಿಕೆಯೂ ಕಾಡನ್ನು ಕಡಿಯಬಲ್ಲದೆಂಬ ಪಾಠ ಅಲ್ಲಿದೆ. ‘ಮರದ ತಿರುಳು’ ಎಂದು ಹಲಗೆಯ ಮೇಲೆ ಅಚ್ಚೊತ್ತಿಸುವವರು ಆ ಮರ ಯಾವ ನೆಲದ್ದೆಂದು ಹೇಳಲೇಬೇಕು.

ಇದಕ್ಕೆ ಪ್ರತಿವಾದವುಂಟು. ಹಗುರ ಹಲಗೆಯಿಂದಲೇ ಜನ ತಂತಿದಾರಿ, ಹೆಲಿಕಾಪ್ಟರುಗಳ ಹಂಗಿಲ್ಲದೆ ಬೆಟ್ಟ ಏರುತ್ತಾರೆ. ದಣಿಯದ ಕಾಲು ಅಪಾಯದ ಇಳಿಜಾರಿನಲ್ಲಿ ಎಚ್ಚರವಾಗಿರುತ್ತದೆ ಎನ್ನುತ್ತಾರೆ. ಈ ಮಾತು ನಿಜ, ತಳ್ಳಿಹಾಕುವಂಥದಲ್ಲ. ಸ್ವಂತ ಕಾಲಬಲದಿಂದ ಏರುವವನು ಯಂತ್ರದಿಂದ ಏರುವವನಿಗಿಂತ ಬೆಟ್ಟಕ್ಕೆ ಹತ್ತಿರದವನು. ಆದರೆ ಹಗುರಕ್ಕೆ ಎರಡು ದಾರಿಗಳಿವೆ. 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಟೆಲ್, ಪಾದರಕ್ಷೆಯ ತುದಿಯನ್ನು ಎರಡು ಲೋಹದ ಮೊಳೆಗಳ ನಡುವೆ ಹಿಡಿದಿಡುವ ಕಟ್ಟನ್ನು ರೂಪಿಸಿ, ಭಾರದ ಚೌಕಟ್ಟನ್ನೇ ಅನಗತ್ಯಗೊಳಿಸಿದ. ಅದು ಆಲೋಚನೆಯಿಂದ ಬಂದ ಹಗುರ. ಈಗಾಗಲೇ ಒಂದೂಕಾಲು ಕಿಲೋಗೆ ಇಳಿದ ಹಲಗೆಯಿಂದ ಇನ್ನೂ 100 ಗ್ರಾಮ್ ಕೆರೆಯಲು ಬಾಳಿಕೆಯನ್ನೇ ಬಲಿಗೊಡುವುದು ಸವಕಲಿನ ಹಗುರ. ಮೊದಲನೆಯದನ್ನು ಮೆಚ್ಚಬೇಕು, ಎರಡನೆಯದನ್ನು ಪ್ರಶ್ನಿಸಬೇಕು.

ಬದಲಾವಣೆ ಅಸಾಧ್ಯವೇನಲ್ಲ. ತಳಕ್ಕೆ ಬಳಿಯುವ ಮೇಣದಲ್ಲಿ ಎಂದೂ ಕೊಳೆಯದ ಫ್ಲೋರಿನ್ ರಾಸಾಯನಿಕಗಳಿದ್ದವು. ಅವಿಲ್ಲದೆ ಸ್ಪರ್ಧೆಯೇ ಇಲ್ಲವೆಂದು ಬಹುಕಾಲ ವಾದಿಸಲಾಯಿತು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2019ರಲ್ಲಿ ನಿಷೇಧ ಘೋಷಿಸಿ, 2023–24ರ ಋತುವಿನಿಂದ ಜಾರಿಗೆ ತಂದಿತು, ಸ್ಪರ್ಧೆಗಳು ನಿಲ್ಲಲಿಲ್ಲ. ಫ್ರಾನ್ಸಿನ 2020ರ ಕಾನೂನು ಕ್ರೀಡಾ ಸಾಮಗ್ರಿಯ ಕಸದ ಹೊಣೆಯನ್ನು 2022ರಿಂದ ತಯಾರಕರಿಗೇ ಹೊರಿಸಿತು. ಅಗಸೆ ನಾರಿನ ಪದರಗಳು ಬಳಕೆಗೆ ಬಂದಿವೆ. ನಿಯಮ ಬಿಗಿಯಾದಲ್ಲಿ ಜಾಣ್ಮೆ ದಾರಿ ಹುಡುಕುತ್ತದೆ.

ಆದ್ದರಿಂದ ಕೇಳಬೇಕಾದ್ದು ಸ್ಪಷ್ಟವಿದೆ: ತೂಕದ ಪಕ್ಕದಲ್ಲೇ ಮರದ ಮೂಲ, ನಾರಿನ ಬಗೆ, ಎಷ್ಟು ಸಲ ಸಾಣೆ ಹಿಡಿಯಬಹುದೆಂಬ ಲೆಕ್ಕ ನಮೂದಾಗಲಿ, ಅಂಚೂ ತಳವೂ ಹತ್ತಾರು ಚಳಿಗಾಲ ತಾಳುವಷ್ಟು ದಪ್ಪವಿರಲಿ, ಹಲಗೆ 100 ಗ್ರಾಮ್ ಹೆಚ್ಚು ತೂಗಿದರೆ ತೂಗಲಿ. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023ರ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಹತ್ತರಲ್ಲೊಂದು ಪಾಲನ್ನು ಕಳೆದುಕೊಂಡವು. ಹಿಮವೇ ಕರಗುತ್ತಿರುವಾಗ ಅದರ ಮೇಲೆ ಜಾರುವ ಹಲಗೆಯ ಗ್ರಾಮುಗಳನ್ನಷ್ಟೇ ಎಣಿಸುತ್ತ ಕೂರುವುದು ಬೆಟ್ಟದ ಪ್ರೀತಿಯಲ್ಲ. ಯಾವ ಬೆಟ್ಟದ ಜನರಾದರೂ, ‘ಪರಿಸರಸ್ನೇಹಿ’ ಎಂದು ಹೊಗಳಿಸಿಕೊಂಡು ಬರುವ ಪ್ರತಿ ಸರಕಿಗೂ ಹಾಕಬೇಕಾದ ಪ್ರಶ್ನೆ ಒಂದೇ: ಇಲ್ಲಿ ಇಳಿಸಿದ ಭಾರವನ್ನು ಎಲ್ಲಿ ಹೊರಿಸಿದ್ದೀರಿ?